ಗ್ಬ ಮನೆಯ ಸೊಸೆ

ನಮ್ಮೂರಿನಲ್ಲಿ ಬೆಳಗಾದರೆ ಸಾಲದು, ಸದ್ದು ಇಡಬೇಕು. ಕೋಳಿ ಕೂಗಿದ ಮೇಲೆ, ಹೊತ್ತು ಮೂಡುವುದರೊಳಗೆ, ಮೂವತ್ತೊಂದು ಮನೆಗಳಿಂದ ಒಬ್ಬೊಬ್ಬರು ಹೊಳೆಯ ಮೆಟ್ಟಿಲಿಗೆ ಇಳಿಯುತ್ತಾರೆ. ಮನೆಗೊಂದು ಕಲ್ಲು, ಮನೆಗೊಂದು ಸದ್ದು. ಸರದಿ ಬಂದಾಗ ಕಲ್ಲಿನ ಮೇಲೆ ನಿಂತು ತಮ್ಮ ಮನೆಯ ಸದ್ದನ್ನು ಒಂದೇ ಒಂದು ಸಲ ಬಾಯಿ ತುಂಬ ಆಡಿ, ಕಾಲು ತೊಳೆದು, ಮನೆಗೆ ಹೋಗಿ ಒಲೆ ಹಚ್ಚುತ್ತಾರೆ. ಆಮೇಲೆ ಅವತ್ತಿಡೀ ಆ ಸದ್ದು ಊರಿನದು. ಬೈಯಲು ಬಳಸಿಕೊಳ್ಳಲಿ, ಜೋಗುಳ ಹಾಡಲು ಬಳಸಿಕೊಳ್ಳಲಿ, ಕೇಳುವವರಿಲ್ಲ. ಇಡದೆ ಹೋದರೆ ಮಾತ್ರ ಅವತ್ತು ಆ ಸದ್ದು ಯಾರ ಬಾಯಿಗೂ ಬರುವುದಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಕೇಳಿದ್ದಕ್ಕೆ ನಮ್ಮ ಅತ್ತೆ, ‘ನಿಮ್ಮೂರಲ್ಲಿ ನೀರು ಯಾಕೆ ಒದ್ದೆ ಅಂತ ಕೇಳ್ತಾರಾ?’ ಅಂದಿದ್ದರು. ಆಮೇಲೆ ನಾನು ಕೇಳಲಿಲ್ಲ.

ಸದ್ದು ತಪ್ಪುವುದು ಅಪರೂಪ. ಒಮ್ಮೆ ಲ ಮನೆಯವರು ಮದುವೆಯೂಟ ಹೊಡೆದು ಹೊತ್ತು ನೆತ್ತಿಗೆ ಬರುವ ತನಕ ಮಲಗಿಬಿಟ್ಟರು. ಅವತ್ತು ಊರಿನಲ್ಲಿ ಯಾರ ಬಾಯಿಂದಲೂ ‘ಇಲ್ಲ’ ಬರಲಿಲ್ಲ, ‘ಒಲ್ಲೆ’ ಬರಲಿಲ್ಲ, ‘ಆಗಲ್ಲ’ ಬರಲಿಲ್ಲ. ‘ಬೇಡ’ ಅನ್ನಬಹುದಿತ್ತು, ಆದರೆ ಮನೆ ಬಾಗಿಲಿಗೆ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಆ ಒಂದೇ ದಿನ ನಾಲ್ಕು ಸಂಬಂಧ ಗೊತ್ತಾದವು. ಅದರಲ್ಲಿ ಮೂರು ಚೆನ್ನಾಗಿಯೇ ಬಾಳುತ್ತಿವೆ. ನಾಲ್ಕನೆಯವನು ಇವತ್ತಿಗೂ ಲ ಮನೆಯವರನ್ನು ಕಂಡರೆ ದಾರಿ ಬದಲಿಸುತ್ತಾನೆ.

ನಾವು ಆಡುವುದು ಹೆಚ್ಚುಕಡಿಮೆ ನೀವು ಆಡುವ ಮಾತೇ. ನಾಲ್ಕಾರು ಸದ್ದು ಮಾತ್ರ ನಮಗೆ ಹೆಚ್ಚಿಗೆ. ಊರಿನ ನಡುವೆ ಹೊಳೆ ಹರಿಯುತ್ತದೆಯಲ್ಲ, ಆಚೆ ದಡದಲ್ಲಿ ಐದು ಸ್ವರದ ಮನೆ, ಈಚೆ ದಡದಲ್ಲಿ ಐದು. ಆಚೆಯವು ಬಿಗಿ ಸ್ವರ, ಈಚೆಯವು ಸಡಿಲ ಸ್ವರ. ನಿಮಗೆ ಒಂದೇ ‘ಎ’ ಸಾಕು. ನಮಗೆ ನಾಲಗೆಯ ಬುಡ ಮುಂದೊತ್ತಿ ಆಡುವ ಎ ಒಂದು, ಹಾಗೇ ಬಿಟ್ಟು ಆಡುವ ಎ ಇನ್ನೊಂದು. ಒಂದು ಶಬ್ದದೊಳಗೆ ಒಂದೇ ದಡದ ಸ್ವರಗಳು ಕೂರಬೇಕು, ಎರಡು ದಡ ಬೆರೆಯುವಂತಿಲ್ಲ. ಅದಕ್ಕೇ ಆಚೆ ದಡದ ಸ್ವರದ ಮನೆಯವರು ಈಚೆ ದಡದ ಸ್ವರದ ಮನೆಯಿಂದ ಹೆಣ್ಣು ತರುವುದಿಲ್ಲ. ಒಂದು ಮಾತಿನಲ್ಲಿ ಕೂಡದವರು ಒಂದು ಮನೆಯಲ್ಲಿ ಹೇಗೆ ಕೂಡುತ್ತಾರೆ ಅನ್ನುತ್ತಾರೆ. ವ್ಯಂಜನದ ಮನೆಯವರಾದ ನಮಗೆ ಆ ಮಡಿಯೆಲ್ಲ ಇಲ್ಲ, ಎಲ್ಲಿಂದಾದರೂ ತರಬಹುದು. ಹಾಗೆ ಬಂದವಳೇ ನಾನು, ಸಣ್ಣತಾಯಿ. ದೋಣಿಯಲ್ಲಿ ಒಂದು ಹಗಲು ಮೇಲೆ ಹೋದರೆ ನನ್ನ ತವರು. ಅಲ್ಲಿ ಯಾರೂ ಸದ್ದು ಇಡುವುದಿಲ್ಲ, ಅದಕ್ಕೇ ಅಲ್ಲಿ ಮಾತು ಬಲು ಅಗ್ಗ.

ನಾನು ಸೇರಿದ್ದು ಗ್ಬ ಮನೆ. ಬರೆಯಲು ಏನೂ ಕಷ್ಟವಿಲ್ಲ, ಗಕಾರಕ್ಕೆ ಬ ಒತ್ತು ಕೊಟ್ಟರಾಯಿತು. ಆದರೆ ಮೊದಲು ಗ್, ಆಮೇಲೆ ಬ ಅಂತ ಓದಿದರೆ ಅದು ನಮ್ಮ ಸದ್ದಲ್ಲ. ಗಂಟಲೂ ತುಟಿಯೂ ಒಟ್ಟಿಗೆ ಮುಚ್ಚಿ ಒಟ್ಟಿಗೇ ತೆರೆಯಬೇಕು. ಒಂದೇ ಸದ್ದು, ಎರಡು ಬಾಗಿಲು. ನೆಲಕ್ಕೆ ಮಾಗಿದ ಹಲಸಿನ ಹಣ್ಣು ಬಿದ್ದ ಹಾಗೆ ಕೇಳಿಸುತ್ತದೆ. ನಮ್ಮ ಅತ್ತೆ ಕೆಂಪಾಜಮ್ಮ ಅದನ್ನು ಇಡುತ್ತಿದ್ದರೆ ಆಚೆ ದಡದ ನಾಯಿಗಳು ತಲೆಯೆತ್ತುತ್ತಿದ್ದವು. ನನಗೆ ಮಾತ್ರ ಬರಲಿಲ್ಲ. ಒಂದು ಸಲ ಗ ಬರುತ್ತಿತ್ತು, ಒಂದು ಸಲ ಬ ಬರುತ್ತಿತ್ತು, ಮೂರನೆಯ ಸಲ ಬಿಕ್ಕಳಿಕೆ ಬರುತ್ತಿತ್ತು.

ಆ ಸದ್ದಿರುವ ಶಬ್ದಗಳು ಊರಿನಲ್ಲಿ ನಲವತ್ತೋ ನಲವತ್ತೆರಡೋ. ದೊಡ್ಡ ಕೊಂಡಿಯ ಏಡಿಗೆ ಇಗ್ಬಿ ಅನ್ನುತ್ತಾರೆ. ಕಡಲಿನ ನೀರು ಹೊಳೆಯಿಂದ ಹಿಂದೆ ಸರಿಯುವ ಹೊತ್ತಿಗೆ ಸೊಗ್ಬ. ಹೀಗೇ. ಜಾಣೆಗೆ ನಲವತ್ತು ಶಬ್ದ ದಾಟಿಕೊಂಡು ಹೋಗುವುದು ಯಾವ ಮಹಾ? ಇಗ್ಬಿಗೆ ‘ಆ ದೊಡ್ಡ ಏಡಿ’ ಅನ್ನುತ್ತಿದ್ದೆ. ಸೊಗ್ಬಕ್ಕೆ ‘ನೀರಿಳಿಯೋ ಹೊತ್ತು’ ಅನ್ನುತ್ತಿದ್ದೆ. ಹನ್ನೆರಡು ವರ್ಷ ಹೀಗೇ ತಳ್ಳಿದೆ. ಇನ್ನು ಉಳಿದದ್ದು ನಮ್ಮ ಯಜಮಾನರ ಹೆಸರು. ಅದರ ನಡುಮಧ್ಯೆಯೇ ಆ ಸದ್ದು ಕೂತಿತ್ತು. ಆದರೆ ಗಂಡನ ಹೆಸರನ್ನು ಯಾವ ಹೆಂಡತಿ ಹೇಳುತ್ತಾಳೆ? ‘ರೀ’ ಅಂದರೆ ತಿರುಗುತ್ತಿದ್ದರು. ‘ಇವರೇ’ ಅಂದರೆ ಬರುತ್ತಿದ್ದರು. ‘ಗ್ಬ ಮನೆ ಸೊಸೆ ನೋಡಿ, ಒಂದು ದಿನ ಗಂಡನ ಹೆಸರೆತ್ತಿದವಳಲ್ಲ’ ಅಂತ ಊರಿನ ಮುದುಕಿಯರು ನನ್ನನ್ನು ತಮ್ಮ ಸೊಸೆಯರ ಮುಂದೆ ಹೊಗಳುತ್ತಿದ್ದರು. ನಾನೂ ಸೆರಗು ಸರಿಮಾಡಿಕೊಂಡು ಹೊಗಳಿಸಿಕೊಳ್ಳುತ್ತಿದ್ದೆ.

ಅತ್ತೆಗೆ ಮಾತ್ರ ನಿಜ ಗೊತ್ತಿತ್ತು. ‘ಮರ್ಯಾದೆ ಅಲ್ಲ ಕಣೇ ನಿಂದು, ಮೈಗಳ್ಳತನ’ ಅನ್ನುತ್ತಿದ್ದರು. ‘ನಾನು ಸತ್ತರೆ ನನ್ನ ಮಗ ಇಡ್ತಾನೆ. ಅವನಿಗೆ ಜ್ವರ ಬಂದ ದಿನ ಯಾರು ಇಡ್ತಾರೆ? ನಿಮ್ಮಪ್ಪ ಬಂದು ಇಡ್ತಾನಾ?’

ನಮ್ಮ ಯಜಮಾನರು ಅಷ್ಟು ಒರಟಲ್ಲ. ದೋಣಿಯ ಬಿರುಕಿಗೆ ಹತ್ತಿ ತುರುಕಿ ಮೇಣ ಮೆತ್ತುವುದು ಅವರ ಕೆಲಸ. ಕೈಯೆಲ್ಲ ಅಂಟು, ಬಾಯಿ ತುಂಬ ನಗು. ಒಂದು ಸಂಜೆ ಜಗಲಿಯಲ್ಲಿ ಕೂತು ಕೈಗೆ ಎಣ್ಣೆ ಹಚ್ಚಿ ಅಂಟು ಬಿಡಿಸುತ್ತಾ, ‘ಒಂದ್ಸಲ ಹೆಸರು ಹಿಡಿದು ಕರೆಯೇ. ತಪ್ಪಾದ್ರೂ ಚಿಂತಿಲ್ಲ, ನಾನು ತಿರುಗಿ ನೋಡ್ತೀನಿ’ ಅಂದರು. ‘ಥೂ, ಹೋಗ್ರೀ! ಯಾರಾದ್ರೂ ಕೇಳಿಸ್ಕೊಂಡ್ರೆ!’ ಅಂದು ಒಳಗೆ ಓಡಿದೆ. ಅವರು ಇನ್ನೊಂದು ಸಲ ಕೇಳಲಿಲ್ಲ.

ಮೂರು ವರ್ಷದ ಹಿಂದೆ ಐದು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹೆಣ ಇನ್ನೂ ಹಜಾರದಲ್ಲಿತ್ತು, ಕೋಳಿ ಕೂಗಿತು. ಅತ್ತೆ ಮಗನ ತಲೆಯನ್ನು ತಮ್ಮ ತೊಡೆಯಿಂದ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ‘ಎಲ್ಲಿಗೆ ಅತ್ತೇ?’ ಅಂದೆ. ‘ಜನ ಅವನ ಹೆಸರು ಹಿಡಿದು ಅಳಬೇಕಲ್ಲವ್ವಾ’ ಅಂದರು. ಹೋಗಿ ಸದ್ದು ಇಟ್ಟು ಬಂದರು. ಬಂದವರೆಲ್ಲ ಹೆಸರು ಹಿಡಿದು ಅತ್ತರು. ಅತ್ತೆ ಅತ್ತರು, ನಮ್ಮ ಯಜಮಾನರ ತಂಗಿ ರಾಚವ್ವ ಅತ್ತಳು, ದೋಣಿಯವರು ಅತ್ತರು. ನಾನೊಬ್ಬಳು ‘ರೀ, ರೀ’ ಅಂತ ಅತ್ತೆ. ಅವತ್ತು ಮೊದಲ ಸಲ ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕಲಿಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇನ್ನು ಕಲಿತು ಯಾರನ್ನು ಕರೆಯಬೇಕು ಅನ್ನಿಸಿತು.

ಈ ಸಲ ಅಮಾವಾಸ್ಯೆ ಕಳೆದ ನಾಲ್ಕನೆಯ ದಿನ ಅತ್ತೆ ಏಳಲಿಲ್ಲ. ಬಲಗೈ ಬಲಗಾಲು ಸತ್ತುಹೋಗಿದ್ದವು, ಬಾಯಿ ಎಡಕ್ಕೆ ವಾಲಿತ್ತು, ತುಟಿ ಮುಚ್ಚುತ್ತಿರಲಿಲ್ಲ. ಲಕ್ವ. ನಾಟಿ ವೈದ್ಯರನ್ನು ಕರೆಸಿ, ಎಣ್ಣೆ ತಿಕ್ಕಿಸಿ, ಗಂಜಿ ಕುಡಿಸುವಷ್ಟರಲ್ಲಿ ಹೊತ್ತು ಮೂಡಿ ಮಾರುದ್ದ ಏರಿತ್ತು. ಆಗ ನೆನಪಾಯಿತು. ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ಏಡಿ ಮಾರುವ ಚೌಡಿ ಬುಟ್ಟಿ ಹೊತ್ತು ನಿಂತು, ಬಾಯಿ ತೆರೆದು, ‘ಇ... ಇ...’ ಅಂತ ತಡವರಿಸುತ್ತಿದ್ದಳು. ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟರೆ ಇಲ್ಲದಂತಾಗುತ್ತದಲ್ಲ, ಹಾಗೆ. ಕೊನೆಗೆ ಒಂದು ಏಡಿಯನ್ನು ಬೆನ್ನಿನಿಂದ ಹಿಡಿದೆತ್ತಿ ತೋರಿಸುತ್ತಾ ನಡೆದಳು. ನನ್ನನ್ನು ನೋಡಿ ಬೈದಿದ್ದರೆ ಒಳ್ಳೆಯದಿತ್ತು.

ಊರು ಹೊಂದಿಕೊಂಡಿತು. ಊರುಗಳು ಹೊಂದಿಕೊಳ್ಳುತ್ತವೆ. ನೀರಿಳಿಯುವ ಹೊತ್ತನ್ನು ಕೂಗಿ ಹೇಳುವವನು ಎರಡನೆಯ ದಿನದಿಂದ ಕಂಚಿನ ತಟ್ಟೆ ಬಡಿಯತೊಡಗಿದ. ಆ ಸದ್ದಿನ ಹೆಸರಿದ್ದ ಮೂರು ಜನರನ್ನು ‘ಏ ಬಾಪ್ಪ’ ಅಂತ ಕರೆದರು. ಆದರೆ ನಿಯಮ ಅಂತ ಒಂದಿದೆ. ಒಂಬತ್ತು ಬೆಳಗು ಸದ್ದು ಬರದಿದ್ದರೆ ಒಂಬತ್ತನೆಯ ಬೆಳಗು ಆ ಮನೆಯ ಕಲ್ಲನ್ನು ಮಗುಚಿ ಹಾಕುತ್ತಾರೆ. ಆಮೇಲೆ ಸದ್ದು ಮುಗಿಯಿತು. ಅದರ ಶಬ್ದಗಳನ್ನು ಹತ್ತಿರದ ಮನೆಗಳು ಹಂಚಿಕೊಳ್ಳುತ್ತವೆ. ನನ್ನ ಅತ್ತೆಯ ಕಾಲದಲ್ಲಿ ಹಾಗೆ ಎರಡು ಕಲ್ಲು ಮಗುಚಿದ್ದವಂತೆ. ಈಗ ಅವುಗಳ ಮೇಲೆ ಬಟ್ಟೆ ಒಗೆಯುತ್ತಾರೆ.

ಎರಡನೆಯ ದಿನ ಸಂಜೆ ಊರಿನ ಹಿರಿಯ, ಕ ಮನೆಯ ಚಿಕ್ಕಲಿಂಗಯ್ಯ, ನಮ್ಮ ಜಗಲಿಗೆ ಬಂದು ಕೂತರು. ಜೊತೆಗೆ ಗ ಮನೆಯ ಗೌರಾಜಮ್ಮ, ಬ ಮನೆಯ ಯಜಮಾನ. ಮನೆಯಲ್ಲಿ ಇನ್ನೂ ಜೀವ ಇರುವಾಗಲೇ ಪಾಲಿಗೆ ಬಂದವರ ಹಾಗೆ ಕಂಡರು.

‘ನೋಡವ್ವಾ ಸಣ್ತಾಯಿ, ನಿಮ್ಮನೆ ಒಲೆ ಅನ್ನ ಉಣ್ಣೋರು ನೀವಿಬ್ಬರೇ. ನಿಮ್ಮತ್ತೆ ಕೈಲಿ ಇನ್ನಾಗಲ್ಲ. ನೀನು ಇಡೋದಾದ್ರೆ ಇಡು. ಏಳು ಬೆಳಗು ಬಾಕಿ ಐತೆ’ ಅಂದರು ಚಿಕ್ಕಲಿಂಗಯ್ಯ.

‘ನನಗೆ ಬರಲ್ಲ’ ಅಂದೆ.

‘ಬರಲ್ಲ ಅಂದ್ರೆ? ಹನ್ನೆರಡು ವರ್ಷ, ಮೇಲೆ ಮೂರು ವರ್ಷ, ಆ ಮನೇಲಿ ಏನು ಮಾಡ್ತಿದ್ದೆ?’

ಏನು ಹೇಳಲಿ? ಮುದ್ದೆ ತೊಳಸುತ್ತಿದ್ದೆ, ಮನೆ ಸಾರಿಸುತ್ತಿದ್ದೆ, ಮಾತಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ.

ಗೌರಾಜಮ್ಮ ನನ್ನ ಕೈ ಹಿಡಿದುಕೊಂಡರು. ‘ಯಾಕವ್ವಾ ಹೆದರ್ತೀಯ? ನಿಮ್ಮ ಶಬ್ದಗಳನ್ನ ನಾವು ಬೀದೀಲಿ ಬಿಡ್ತೀವಾ? ಏಡಿ ಬ ಮನೆಯವರು ಇಟ್ಕೊಳ್ಳಲಿ, ನೀರಿಳಿಯೋದು ನಮಗಿರಲಿ. ನಿಮ್ಮ ಯಜಮಾನರ ಹೆಸರನ್ನ ಮಾತ್ರ ನಾವೇ ಇಟ್ಕೋತೀವಿ. ಚೆನ್ನಾಗಿ ನೋಡ್ಕೋತೀವಿ.’ ಬ ಮನೆಯ ಯಜಮಾನ ಗಂಟಲು ಸರಿಮಾಡಿಕೊಂಡ. ‘ಹೆಸರು ತುಟೀಲಿ ತೆರಕೊಳ್ಳೋದು ಗೌರಾಜಮ್ಮ. ಆ ಲೆಕ್ಕಕ್ಕೆ ಅದು ನಮಗೆ ಬರಬೇಕು’ ಅಂದ. ಇಬ್ಬರೂ ನನ್ನ ಜಗಲಿಯ ಮೇಲೆ, ನಮ್ಮ ಯಜಮಾನರು ಕೂತು ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಜಾಗದಲ್ಲೇ, ಅವರ ಹೆಸರನ್ನು ಕರುವಿನ ಹಾಗೆ ಅತ್ತ ಇತ್ತ ಜಗ್ಗಿದರು. ಗ ಹಾಕಿ ಒಂದು ಸಲ ಕರೆದು ನೋಡಿದರು. ಬ ಹಾಕಿ ಒಂದು ಸಲ ಕರೆದು ನೋಡಿದರು. ಎರಡೂ ಯಾರೋ ಬೇರೆಯವರು. ನನಗೆ ಮೈಯೆಲ್ಲ ಉರಿದುಹೋಯಿತು. ‘ನಾಳೆಯಿಂದ ನಾನೇ ಇಡ್ತೀನಿ, ಎದ್ದೇಳಿ’ ಅಂದೆ. ಅತಿಥಿಗಳಿಗೆ ಹಾಗೆ ಅಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹೇಳುವುದು ಸುಲಭ. ಇಡುವ ಸದ್ದು ಇಡುವ ತನಕ ಎಲ್ಲೂ ಇರುವುದಿಲ್ಲವಲ್ಲ, ನನಗೆ ತೋರಿಸಿಕೊಡುವವರು ಯಾರು? ನಾದಿನಿ ರಾಚವ್ವ ಅವತ್ತು ರಾತ್ರಿಯೇ ಓಡಿಬಂದಳು. ಅವಳು ನಮ್ಮ ಮನೆಯಲ್ಲೇ ಹುಟ್ಟಿದವಳು, ಈ ಸದ್ದು ಅವಳಿಗೆ ಎದೆಹಾಲು. ಆದರೆ ಅವಳನ್ನು ಮ ಮನೆಗೆ ಕೊಟ್ಟಿದೆ, ದಿನಾ ಬೆಳಿಗ್ಗೆ ಮ ಇಡುವವಳು ಅವಳೇ, ಒಮ್ಮೆ ಒಂದು ಕಲ್ಲು ಹತ್ತಿದ ಬಾಯಿ ಇನ್ನೊಂದು ಕಲ್ಲು ಹತ್ತುವಂತಿಲ್ಲ. ‘ನೋಡತ್ತಿಗೆ, ಹಿಂಗೆ’ ಅನ್ನುತ್ತಿದ್ದಳು. ತುಟಿ ಕೂಡಿಸುತ್ತಿದ್ದಳು, ಗಂಟಲು ಬಿಗಿಯುತ್ತಿದ್ದಳು, ತೆರೆಯುತ್ತಿದ್ದಳು. ಏನೂ ಕೇಳಿಸುತ್ತಿರಲಿಲ್ಲ. ಮೀನು ಬಾಯಿಬಿಟ್ಟ ಹಾಗೆ ಎದುರುಬದುರು ಕೂತು ನಾವಿಬ್ಬರೂ ಬಾಯಿ ಬಿಟ್ಟು ಮುಚ್ಚಿ ಮಾಡುತ್ತಿದ್ದೆವು. ಕಂಡವರು ಏನಂದುಕೊಂಡರೋ. ತುಟಿಗಳ ನಡುವೆ ವೀಳ್ಯದೆಲೆ ಇಟ್ಟು ಅಭ್ಯಾಸ ಮಾಡಿಸಿದಳು. ಬಾಯಿ ತುಂಬ ನೀರು ತುಂಬಿಸಿ, ನುಂಗದೆ ಉಗುಳದೆ ಹಿಡಿದುಕೊ ಅಂದಳು. ಎರಡು ಸಲ ಅವಳ ಮುಖಕ್ಕೇ ಉಗುಳಿದೆ. ‘ಪಾಪಿ!’ ಅಂದಳು, ಮುಖ ಒರೆಸಿಕೊಂಡಳು, ಮತ್ತೆ ನೀರು ತಂದಳು.

ಬೆಳಿಗ್ಗೆ ಕಲ್ಲಿನ ಮೇಲೆ ನಿಂತರೆ ಒಂದೇ ಅವಕಾಶ. ನಮ್ಮ ಸರದಿ ಕೊನೆಯಿಂದ ಎರಡನೆಯದು, ಆಮೇಲೆ ಳ ಮನೆಯವರದು ಮಾತ್ರ ಬಾಕಿ. ಎಲ್ಲರೂ ತಮ್ಮ ಸದ್ದು ಇಟ್ಟು ಮನೆಗೆ ಹೋಗದೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಮೂರನೆಯ ಬೆಳಗು ‘ಬ’ ಬಂತು. ನಾಲ್ಕನೆಯ ಬೆಳಗು ‘ಗ’ ಬಂತು. ಐದನೆಯ ಬೆಳಗು ಎರಡೂ ಒಂದರ ಹಿಂದೊಂದು ಬಂದವು, ಗೌರಾಜಮ್ಮ ‘ಪರವಾಗಿಲ್ಲ, ಹತ್ತಿರ ಬಂತು’ ಅಂದರು. ಅದು ಅಣಕವೋ ಕರುಣೆಯೋ ಗೊತ್ತಾಗಲಿಲ್ಲ. ಆರನೆಯ ಬೆಳಗು ಕೆಮ್ಮು ಬಂತು. ಜನ ಒಳ್ಳೆಯವರು, ನಗಲಿಲ್ಲ. ನೀರು ನೋಡುತ್ತಾ ನಿಂತರು.

ಏಳನೆಯ ದಿನವೂ ಸೋತು ಬರುತ್ತಿದ್ದಾಗ ಪುಟ್ಟಮಾದಯ್ಯ ಮೇಷ್ಟ್ರು ಶಾಲೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಹೊರಗಿನ ಊರುಗಳಿಂದ ದೋಣಿಯಲ್ಲಿ ಪುಸ್ತಕ ತರಿಸಿಕೊಂಡು ಓದುವ ಹುಚ್ಚು ಅವರಿಗೆ. ‘ತಾಯಿ, ನಿಮಗೊಂದು ಸಂಗತಿ ಹೇಳಬೇಕು. ಆಫ್ರಿಕಾ ಅಂತ ಒಂದು ಖಂಡ ಇದೆ. ಅಲ್ಲಿ ನೈಜರ್ ಅಂತ ಹೊಳೆ ಕಡಲು ಸೇರೋ ಕಡೆ, ನಮ್ಮ ಹಾಗೇ ನೀರಿನ ನಡುವೆ ಇರೋ ಜನ ಇದ್ದಾರೆ. ಅವರ ಹೆಸರು, ಅವರ ಭಾಷೆ ಹೆಸರು ಎರಡೂ ಒಂದೇ...’ ಅಂದು ಹೇಳಲು ಹೋದರು. ನಡುವೆ ಬಾಯಿ ನಿಂತುಬಿಟ್ಟಿತು. ತಲೆ ಕೆರೆದುಕೊಂಡು ಸ್ಲೇಟು ತಂದು ಬರೆದು ತೋರಿಸಿದರು. ‘ಒಗ್ಬಿಯಾ’ ಅಂತಿತ್ತು.

ನಾನು ಆ ಸ್ಲೇಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೋಡಿದೆ. ನಮ್ಮ ಸದ್ದು ಅಷ್ಟು ದೂರದ ಜನರ ಹೆಸರಿನ ನಡುವೆ ತಣ್ಣಗೆ ಕೂತಿತ್ತು.

‘ಸ್ವರಗಳಲ್ಲೂ ಅವರಿಗೆ ನಮ್ಮ ಹಾಗೇ ಎರಡು ಪಂಗಡ ಅಂತೆ ತಾಯಿ. ಒಂದು ಶಬ್ದದಲ್ಲಿ ಎರಡೂ ಬೆರೆಯಲ್ಲವಂತೆ’ ಅಂದರು ಮೇಷ್ಟ್ರು.

‘ಅಲ್ಲಿ ಇದನ್ನ ಯಾವ ಮನೆಯವರು ಇಡ್ತಾರೆ ಮೇಷ್ಟ್ರೇ?’

‘ಯಾರೂ ಇಡಲ್ಲ ಅನ್ಸುತ್ತೆ. ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ. ಮಾತಾಡ್ತಾರೆ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೀತಾರೆ, ಅಷ್ಟೇ. ಈ ಸದ್ದನ್ನ ಮಾತಿಂದ ಬಿಡಿಸಿ ಒಂದನ್ನೇ ಆಡಿ ತೋರಿಸು ಅಂದ್ರೆ ಅವರೂ ತಬ್ಬಿಬ್ಬಾಗಬಹುದು.’

ಮೊದಲು ಸಮಾಧಾನವಾಯಿತು. ನಮ್ಮ ಕಲ್ಲು ಮಗುಚಿದರೂ ಸದ್ದು ಪ್ರಪಂಚದಲ್ಲಿ ಉಳಿಯುತ್ತದೆ ಅಂದುಕೊಂಡೆ. ಮನೆ ತಲುಪುವಷ್ಟರಲ್ಲಿ ಹೊಟ್ಟೆಕಿಚ್ಚು ಶುರುವಾಯಿತು. ಅವರ ಸದ್ದು ಅವರಿಗೆ ಉಳಿದರೆ ನನಗೇನು ಬಂತು? ಆ ಜನ ನಮ್ಮ ಯಜಮಾನರ ಹೆಸರು ಹೇಳುತ್ತಾರೆಯೇ?

ಎಂಟನೆಯ ಬೆಳಗೂ ಹೋಯಿತು. ಅವತ್ತು ಮಧ್ಯಾಹ್ನ ಅತ್ತೆಗೆ ಗಂಜಿ ಕುಡಿಸುತ್ತಾ ರಾಚವ್ವನಿಗೆ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳುತ್ತಿದ್ದೆ. ಕರೆಯುತ್ತಾರಂತೆ, ಅಷ್ಟೇ ಅಂತೆ, ಬರೀ ಸದ್ದು ಅಂತ ಯಾರೂ ಆಡುವುದಿಲ್ಲವಂತೆ ಅಂದೆ. ಅತ್ತೆ ತಟ್ಟನೆ ಎಡಗೈಯಿಂದ ಮಂಚದ ಪಟ್ಟಿ ಬಡಿದರು. ಗೋಡೆಯ ಗೂಟದ ಕಡೆ ಬೆರಳು ತೋರಿಸಿದರು. ಅಲ್ಲಿ ಯಜಮಾನರ ಟವೆಲು ಮೂರು ವರ್ಷದಿಂದ ಹಾಗೇ ತೂಗುತ್ತಿತ್ತು. ಬಾಯಿ ಒರೆಸು ಅನ್ನುತ್ತಿದ್ದಾರೆ ಅಂದುಕೊಂಡು ತಂದುಕೊಟ್ಟೆ. ಎಸೆದರು. ಚಳಿಯೇನೋ ಅಂತ ಕಂಬಳಿ ಹೊದಿಸಿದೆ. ಅದನ್ನೂ ತಳ್ಳಿದರು. ಕಣ್ಣಿನಲ್ಲಿ ನೀರು, ಗಂಟಲಲ್ಲಿ ‘ಆ, ಆ’ ಅನ್ನುವ ಕೂಗು. ಆಮೇಲೆ ಕೈಚಾಚಿ ನನ್ನ ತುಟಿಗೆ ಎರಡು ಬೆರಳು ಒತ್ತಿದರು, ಬಿದ್ದಿದ್ದ ಟವೆಲು ತೋರಿಸಿದರು, ಮತ್ತೆ ತುಟಿಗೆ ಒತ್ತಿದರು.

‘ಅಯ್ಯೋ ಅತ್ತಿಗೆ, ಅಣ್ಣನ ಹೆಸರು ಹಿಡಿ ಅಂತ ಅವ್ವ ಹೇಳ್ತಾವಳೆ!’ ಅಂದಳು ರಾಚವ್ವ. ‘ಬರೀ ಸದ್ದು ಇಡೋಕೆ ಹೋಗಬೇಡ, ಹೆಸರೇ ಇಡು ಅಂತಾವಳೆ!’

ಅತ್ತೆ ತಲೆಯಾಡಿಸಿದರು. ನಾನು ಎದ್ದು ನಿಂತೆ. ‘ನನ್ನ ಕೈಲಾಗಲ್ಲ’ ಅಂದೆ.

‘ಯಾಕಾಗಲ್ಲ?’

‘ಗಂಡನ ಹೆಸರು ಹೆಂಡತಿ ಬಾಯಲ್ಲಿ ಬಂದ್ರೆ ಅವನ ಆಯುಸ್ಸು ಕಮ್ಮಿ ಆಗ್ತದೆ ಅಂತ ನಮ್ಮವ್ವ ಹೇಳಿಕೊಟ್ಟವಳೆ. ಚಿಕ್ಕಂದಿನಿಂದ ಹೇಳಿಕೊಟ್ಟವಳೆ ಕಣೇ.’

ರಾಚವ್ವ ನನ್ನನ್ನೇ ನೋಡಿದಳು. ಸದಾ ಬಡಬಡ ಅನ್ನುವವಳು ಮೆಲ್ಲಗೆ ಮಾತಾಡಿದಳು. ‘ಇನ್ನೂ ಯಾರ ಆಯುಸ್ಸು ಕಾಯ್ತಾ ಇದ್ದೀಯ ಅತ್ತಿಗೆ?’

ನಾನು ಅಲ್ಲೇ ಕುಸಿದು ಕೂತು ಅತ್ತೆ. ಮೂರು ವರ್ಷದಲ್ಲಿ ಅಳದಷ್ಟು ಅತ್ತೆ. ಅವರು ಸತ್ತಿದ್ದು ನನಗೆ ಗೊತ್ತಿತ್ತು. ಎಡೆ ಇಟ್ಟವಳು ನಾನು, ಪಿಂಡಕ್ಕೆ ಅಕ್ಕಿ ಬೇಯಿಸಿಕೊಟ್ಟವಳು ನಾನು. ಆದರೂ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ, ಹೆಸರೆತ್ತದೆ ಇರುವ ತನಕ ಅವರ ಆಯುಸ್ಸಿಗೆ ನನ್ನಿಂದ ಏನೂ ಕೊರತೆಯಾಗಿಲ್ಲ ಅಂತ ಹಿಡಿದುಕೊಂಡು ಕೂತಿದ್ದೆ ನೋಡಿ. ಹುಚ್ಚಿ. ಅತ್ತೆ ಎಡಗೈಯಿಂದ ನನ್ನ ತಲೆ ಸವರಿದರು. ಹದಿನೈದು ವರ್ಷದಲ್ಲಿ ಅವರು ನನ್ನ ತಲೆ ಮುಟ್ಟಿದ್ದು ಹೆಚ್ಚೆಂದರೆ ಹೇನು ನೋಡಲು.

ಒಂಬತ್ತನೆಯ ಬೆಳಗು ಎರಡೂ ದಡದಲ್ಲಿ ಜನವೋ ಜನ. ಕಲ್ಲು ಮಗುಚಲು ಹಾರೆ ತಂದಿದ್ದರು. ಅದನ್ನು ಮರ್ಯಾದೆಗೆ ಒಂದು ಗೋಣಿಚೀಲದಡಿ ಮುಚ್ಚಿಟ್ಟಿದ್ದರು. ಗೌರಾಜಮ್ಮ ಹೊಸ ಸೀರೆ ಉಟ್ಟು ಬಂದಿದ್ದರು. ಬ ಮನೆಯ ಯಜಮಾನ ಅವರಿಂದ ಎರಡು ಮಾರು ದೂರ ನಿಂತಿದ್ದ. ಅಂದರೆ ಹೆಸರಿನ ಪಾಲು ಇನ್ನೂ ಬಗೆಹರಿದಿರಲಿಲ್ಲ. ಅತ್ತೆಯನ್ನು ಹಗ್ಗದ ಮಂಚದ ಸಮೇತ ನಾಲ್ಕು ಜನ ದೋಣಿಯವರು ಹೊತ್ತು ತಂದು ಮೆಟ್ಟಿಲ ಮೇಲೆ ಇಳಿಸಿದರು.

ಆಚೆ ದಡದವರು ಬಿಗಿ ಸ್ವರ ಇಟ್ಟರು, ಈಚೆಯವರು ಸಡಿಲ ಸ್ವರ ಇಟ್ಟರು. ಚಿಕ್ಕಲಿಂಗಯ್ಯ ಕ ಇಟ್ಟರು. ಒಂದೊಂದೇ ಸದ್ದು ಊರಿಗೆ ಬಂತು. ರಾಚವ್ವ ಮ ಇಟ್ಟು ನನ್ನ ಕಡೆ ನೋಡಿದಳು. ಯ ಮನೆಯ ಮುದುಕ ಇಟ್ಟು ಇಳಿದ. ಆಮೇಲೆ ಉಳಿದವರು. ಆಮೇಲೆ ನಾನು.

ಕಲ್ಲು ತಣ್ಣಗಿತ್ತು. ಬಾಯಿ ಹೇಗೆ ಮುಚ್ಚಬೇಕು, ಗಂಟಲು ಹೇಗೆ ಬಿಗಿಯಬೇಕು ಅಂತ ಇಷ್ಟು ದಿನ ಕಲಿತದ್ದೆಲ್ಲ ಮರೆತುಹೋಗಿತ್ತು. ಎದುರಿಗೆ ದೋಣಿ ಕಟ್ಟುವ ಜಾಗ. ಅವರು ಅಲ್ಲೇ ದೋಣಿ ಮಗುಚಿಕೊಂಡು ಮೇಣ ಮೆತ್ತುತ್ತಾ ಕೂರುತ್ತಿದ್ದರು, ಊಟದ ಹೊತ್ತಾದರೂ ಬರುತ್ತಿರಲಿಲ್ಲ. ನಾನು ಇದೇ ಮೆಟ್ಟಿಲಿಗೆ ಬಂದು, ‘ರೀ, ಹೊತ್ತಾಯ್ತು’ ಅಂತ ಕೂಗುತ್ತಿದ್ದೆ. ಗಾಳಿ ಇದ್ದ ದಿನ ಕೇಳಿಸುತ್ತಿರಲಿಲ್ಲ. ‘ರೀ’ ಅಂದರೆ ಅಲ್ಲಿದ್ದ ಆರು ಗಂಡಸರೂ ತಿರುಗಿ ನೋಡುತ್ತಿದ್ದರು, ಅವರೊಬ್ಬರು ಬಿಟ್ಟು. ಆಗೆಲ್ಲ ಸಿಟ್ಟು ಬರುತ್ತಿತ್ತು. ಈಗಲೂ ಬಂತು. ಊಟ ಆರುತ್ತಿದೆ, ಈ ಮನುಷ್ಯನಿಗೆ ಪ್ರಜ್ಞೆ ಇಲ್ಲ ಅನ್ನುವ ಸಿಟ್ಟು.

‘ಅಗ್ಬಯ್ಯಾ!’ ಅಂದೆ.

ಆಚೆ ದಡದ ನಾಯಿಗಳು ತಲೆಯೆತ್ತಿದವು.

ಚಿಕ್ಕಲಿಂಗಯ್ಯ ಗಡ್ಡ ಕೆರೆದುಕೊಂಡರು. ‘ಕಲ್ಲಿನ ಮೇಲೆ ಬರೀ ಸದ್ದು ಇಡೋದು ಪದ್ಧತಿ. ಹೆಸರು ಹಿಡಿದು ಇಟ್ಟಿದ್ದು ನಡೀತದೋ ಇಲ್ಲವೋ...’ ಅಂತ ರಾಗ ಎಳೆದರು. ಅವರು ರಾಗ ಮುಗಿಸುವಷ್ಟರಲ್ಲಿ ಮೇಲಿನ ಬೀದಿಯಿಂದ ಚೌಡಿಯ ಗಂಟಲು ಬಂತು. ‘ಇಗ್ಬೀ! ಇಗ್ಬೀ! ತಾಜಾ ಇಗ್ಬೀ!’ ಅಂತ ಒಂಬತ್ತು ದಿನದ ಕೂಗನ್ನೆಲ್ಲ ಒಟ್ಟಿಗೆ ಕೂಗುತ್ತಾ ಬರುತ್ತಿದ್ದಳು. ‘ನಡೀತದೆ ಬಿಡಿ’ ಅಂದರು ಚಿಕ್ಕಲಿಂಗಯ್ಯ. ಹಾರೆ ತಂದಿದ್ದವನು ಅದನ್ನು ಗೋಣಿಚೀಲದ ಸಮೇತ ಹೆಗಲಿಗೆ ಹಾಕಿಕೊಂಡು ಹೋದ. ಗೌರಾಜಮ್ಮ ನನ್ನ ಕೆನ್ನೆ ಮುಟ್ಟಿ ನೆಟಿಗೆ ಮುರಿದರು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು, ಅರ್ಧ ಇಟ್ಟುಕೊಂಡಿದ್ದೇನೆ.

ಅತ್ತೆಯ ಮಂಚದ ಹತ್ತಿರ ಹೋಗಿ ಕೂತೆ. ಅವರ ಬಾಯಿ ಇನ್ನು ಆ ಹೆಸರು ಆಡುವುದಿಲ್ಲ, ಇಬ್ಬರಿಗೂ ಗೊತ್ತಿತ್ತು. ಅವರು ಎಡಗೈಯಿಂದ ನನ್ನ ತುಟಿ ತೋರಿಸಿದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಸಲ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮತ್ತೆ ತೋರಿಸಿದರು, ಮತ್ತೆ ಹೇಳಿದೆ. ಮಂಚ ಹೊರಲು ಬಂದ ದೋಣಿಯವರು ಅವಸರ ಮಾಡದೆ ನಿಂತಿದ್ದರು.

ಆಮೇಲಿನಿಂದ ದಿನವೂ ನಾನೇ ಇಡುತ್ತೇನೆ. ಬರೀ ಸದ್ದು ಈಗಲೂ ನನಗೆ ಬರುವುದಿಲ್ಲ, ಹೆಸರೇ ಇಡುತ್ತೇನೆ. ಮುದುಕಿಯರು ನನ್ನನ್ನು ಹೊಗಳುವುದು ಬಿಟ್ಟಿದ್ದಾರೆ. ‘ಗಂಡನ ಹೆಸರು ಹಿಡಿದು ಕೂಗೋಳು’ ಅಂತ ಅಡ್ಡಹೆಸರು ಬಿದ್ದಿದೆ, ಬೀಳಲಿ. ಗಾಳಿ ಇದ್ದ ದಿನ ಸ್ವಲ್ಪ ಜೋರಾಗಿ ಕರೆಯುತ್ತೇನೆ. ಕರೆದ ಮೇಲೆ, ಅವರು ಹೇಳಿದ್ದರಲ್ಲ ತಿರುಗಿ ನೋಡುತ್ತೇನೆ ಅಂತ, ದೋಣಿ ಕಟ್ಟುವ ಜಾಗದ ಕಡೆ ನೋಡುತ್ತಾ ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಇಳಿದು ಜಾಗ ಬಿಡುತ್ತೇನೆ. ಹಿಂದೆ ಳ ಮನೆಯವರು ಕಾಯುತ್ತಿರುತ್ತಾರೆ.